ಭಾರತ ಕಾಣದವನ ಭಾರತದ ಹಾಡು

ಕಳೆದ ವಾರ ಕೊನೆಯ ಗಂಟೆ ಬಾರಿಸಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ನನ್ನನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

"ಮೇಷ್ಟ್ರೇ, ವಾರ್ಷಿಕೋತ್ಸವದ ಪಟ್ಟಿ ಮಾಡಿದ್ದು ನೀವೇ ಅಂತಲ್ಲ?"

ಹೌದೆಂದೆ. ವಿಜ್ಞಾನದ ಮೇಷ್ಟರಿಗೆ ಮೈಕು, ವೈರು ಗೊತ್ತಿರುತ್ತದೆ ಎಂಬ ನಂಬಿಕೆಯಿಂದ ಪ್ರತಿವರ್ಷ ಆ ಕೆಲಸ ನನಗೇ ಬೀಳುತ್ತದೆ.

"ನನ್ನ ಮಗಳು ಆರು ವರ್ಷದಿಂದ ವೀಣೆ ಕಲೀತಿದಾಳೆ. ಈಗ ನೋಡಿದರೆ ದೇವರನಾಮವನ್ನ ಕೀಬೋರ್ಡಿನಲ್ಲಿ ನುಡಿಸ್ತಾಳಂತೆ. ಹಿಂದೆ ಡ್ರಮ್ಸ್ ಒಬ್ಬ, ಗಿಟಾರು ಒಬ್ಬ. ದಾಸರು ಬರೆದದ್ದಕ್ಕೆ ಇದು ಅವಮಾನ ಅಲ್ವೆ? ನೀವು ಬೇಡ ಅಂದರೆ ಅವಳು ಕೇಳ್ತಾಳೆ. ನಾನು ಹೇಳಿದರೆ ಊಟ ಬಿಡ್ತಾಳೆ."

ಬೇಡ ಎನ್ನುವುದು ನನಗೆ ಕಷ್ಟವೇನಲ್ಲ. ಹಿಂದೊಮ್ಮೆ ಅಂದಿದ್ದೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಕೊಳಲು ನುಡಿಸುತ್ತಿದ್ದ ಹುಡುಗನೊಬ್ಬ ವರ್ಣವೊಂದನ್ನು ಸಿನಿಮಾ ಹಾಡಿನ ತಾಳಕ್ಕೆ ಕೂರಿಸಿಕೊಂಡು ಬಂದಿದ್ದ. ನನಗೆ ಸಂಗೀತದ ಗಂಧ ಹೆಚ್ಚೇನೂ ಇರಲಿಲ್ಲ, ಆದರೆ ಅಭಿಪ್ರಾಯಗಳು ಬಲವಾಗಿದ್ದವು. "ಇದು ಸಂಗೀತವೇನೋ?" ಎಂದು ಎಲ್ಲರ ಮುಂದೆ ಕೇಳಿ ಪಟ್ಟಿಯಿಂದ ಹೆಸರು ಹೊಡೆದುಹಾಕಿದೆ. ಅವನು ಮಾತನಾಡಲಿಲ್ಲ. ಆಮೇಲೆ ಆ ಹುಡುಗ ಶಾಲೆಗೆ ಕೊಳಲು ತಂದದ್ದನ್ನು ನಾನು ಕಾಣಲೇ ಇಲ್ಲ. ನಾಲ್ಕು ವರ್ಷದ ಹಿಂದೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ, ಕಾಲಿಗೆ ಬೀಳಲು ಬಂದ. ಕೊಳಲು ನುಡಿಸುತ್ತೀಯಾ ಎಂದು ಕೇಳಬೇಕೆಂದುಕೊಂಡೆ. ಬಾಯಿ ಬರಲಿಲ್ಲ.

ಆದ್ದರಿಂದ ಈ ಸಲ ಬೇಡವೂ ಅನ್ನಲಿಲ್ಲ, ಆಗಲಿಯೂ ಅನ್ನಲಿಲ್ಲ. ಶಬ್ದದ ಪಾಠಕ್ಕೆಂದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದ ಮೂರು ನಿಮಿಷದ ಒಂದು ವಾದ್ಯಸಂಗೀತವನ್ನು ಅವರಿಗೆ ಕೇಳಿಸಿದೆ. ಅದರ ಹೆಸರು 'ಸಾಂಗ್ ಆಫ್ ಇಂಡಿಯಾ', ಅಂದರೆ ಭಾರತದ ಹಾಡು. ಅಮೆರಿಕದ ಟಾಮಿ ಡಾರ್ಸಿ ಎಂಬಾತನ ಬ್ಯಾಂಡು 1937ರ ಜನವರಿ 29ರಂದು ವಿಕ್ಟರ್ ಕಂಪನಿಗಾಗಿ ಧ್ವನಿಮುದ್ರಿಸಿದ್ದು. ಮೂಲದಲ್ಲಿ ಅದು ರಷ್ಯದ ಒಂದು ಆಪೆರಾದೊಳಗಿನ ಹಾಡು. ಬರೆದವರು ನಿಕೊಲಾಯ್ ರಿಮ್ಸ್ಕಿ-ಕೋರ್ಸಕೋವ್. ಈ ವಾರ ಅದರ ಕಥೆಯನ್ನೇ ಹೇಳುತ್ತೇನೆ. ನಡುನಡುವೆ ಒಂದಿಷ್ಟು ಲೆಕ್ಕ ಬರುತ್ತದೆ, ಮಕ್ಕಳು ಪೆನ್ಸಿಲ್ ಹಿಡಿದು ಕುಳಿತರೆ ಒಳ್ಳೆಯದು.

ಮೊದಲು ಈ ರಿಮ್ಸ್ಕಿ-ಕೋರ್ಸಕೋವ್ ಯಾರೆಂದು ನೋಡೋಣ. ಹುಟ್ಟಿದ್ದು 1844ರಲ್ಲಿ, ತಿಖ್ವಿನ್ ಎಂಬ ಊರಿನಲ್ಲಿ. ಸೇರಿದ್ದು ನೌಕಾಪಡೆ. 1862ರಿಂದ 1865ರವರೆಗೆ 'ಅಲ್ಮಾಜ್' ಎಂಬ ಹಡಗಿನಲ್ಲಿ ಇಂಗ್ಲೆಂಡು, ನ್ಯೂಯಾರ್ಕು, ಬ್ರೆಜಿಲ್ಲಿನ ರಿಯೊ ಎಂದು ಸುತ್ತಿ ಬಂದರು. ಅಲ್ಮಾಜ್ ಎಂದರೆ ರಷ್ಯನ್ ಭಾಷೆಯಲ್ಲಿ ವಜ್ರ. ಇಷ್ಟೆಲ್ಲ ಸುತ್ತಿದವರು ಭಾರತಕ್ಕೆ ಮಾತ್ರ ಬರಲಿಲ್ಲ. ಈ ಎರಡು ಸಂಗತಿಗಳನ್ನು ನೆನಪಿಡಿ.

1871ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅವರನ್ನು ಸೇಂಟ್ ಪೀಟರ್ಸ್‌ಬರ್ಗಿನ ಸಂಗೀತ ವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಕರೆದರು. ಆ ಹೊತ್ತಿಗೆ ಅವರ ಕೃತಿಗಳಿಗೆ ಹೆಸರು ಬಂದಿತ್ತು. ಆದರೆ ಪಾಶ್ಚಾತ್ಯ ಸಂಗೀತಶಾಸ್ತ್ರದ ಮೂಲಪಾಠಗಳೇ ತನಗೆ ಸರಿಯಾಗಿ ತಿಳಿದಿರಲಿಲ್ಲವೆಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕೆಲಸವನ್ನು ಬಿಡಲಿಲ್ಲ. ತರಗತಿಯಲ್ಲಿ ಪಾಠ ಮಾಡುತ್ತ, ಮನೆಯಲ್ಲಿ ಕುಳಿತು ವಿದ್ಯಾರ್ಥಿಯಂತೆ ಅಭ್ಯಾಸ ಬರೆಯುತ್ತ ವರ್ಷಗಟ್ಟಲೆ ಕಲಿತರು. ನನ್ನ ಸಹೋದ್ಯೋಗಿಗಳು ಇದನ್ನು ಓದಿದರೆ ಮುಗುಳ್ನಗಬಹುದು. ಹೊಸ ಪಠ್ಯಪುಸ್ತಕ ಬಂದ ವರ್ಷ ನಾವು ಮಾಡುವುದೂ ಅದನ್ನೇ ತಾನೆ? 1905ರಲ್ಲಿ ಮುಷ್ಕರ ಹೂಡಿದ್ದ ವಿದ್ಯಾರ್ಥಿಗಳ ಪರ ನಿಂತದ್ದಕ್ಕೆ ಅದೇ ವಿದ್ಯಾಲಯ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅದನ್ನು ಪ್ರತಿಭಟಿಸಿ ಬೇರೆ ಅಧ್ಯಾಪಕರೂ ರಾಜೀನಾಮೆ ಕೊಟ್ಟರು. ಕೊನೆಗೆ ವಾಪಸು ಕರೆದುಕೊಳ್ಳಬೇಕಾಯಿತೆನ್ನಿ.

1873ರಿಂದ 1884ರವರೆಗೆ ಅವರಿಗೆ ಇನ್ನೊಂದು ಹುದ್ದೆಯಿತ್ತು. ನೌಕಾಪಡೆಯ ಬ್ಯಾಂಡುಗಳ ಇನ್‌ಸ್ಪೆಕ್ಟರ್. ಹುದ್ದೆ ಸಿಕ್ಕಿತೆಂದು ಸಹಿ ಹಾಕುತ್ತ ಕೂರಲಿಲ್ಲ. ಊದುವ ವಾದ್ಯಗಳನ್ನು ತರಿಸಿಕೊಂಡು ಒಂದೊಂದನ್ನೂ ಬಾಯಿಗಿಟ್ಟು ಊದಿ ನೋಡಿ, ಬೆರಳು ಎಲ್ಲಿ ಹೋಗುತ್ತದೆ, ಉಸಿರು ಎಲ್ಲಿ ಸಾಲದಾಗುತ್ತದೆ ಎಂದು ತಿಳಿದುಕೊಂಡರು. ಇದರ ಫಲವಾಗಿ 1877ರಲ್ಲಿ ಟ್ರಾಂಬೋನಿಗೂ ಮಿಲಿಟರಿ ಬ್ಯಾಂಡಿಗೂ ಒಂದು ಕನ್ಚರ್ಟೊ ಬರೆದರು. ಮರುವರ್ಷ ಕ್ರೊನ್‌ಸ್ಟಾಟ್ ಬಂದರಿನಲ್ಲಿ ಅದು ಮೊದಲ ಬಾರಿಗೆ ನುಡಿಯಿತು. ಡಾರ್ಸಿಯ ವಾದ್ಯವೂ ಟ್ರಾಂಬೋನೇ. ಅಂದರೆ ಈ ಹಾಡು ಅಮೆರಿಕದ ಬ್ಯಾಂಡಿನವನ ಕೈಗೆ ಬಂದಾಗ, ಹಾಡು ಬರೆದವರಿಗೆ ಅರುವತ್ತು ವರ್ಷದ ಹಿಂದೆಯೇ ಪರಿಚಯವಿದ್ದ ವಾದ್ಯದ ಕೈಗೇ ಬಂದಿತ್ತು.

ಆಪೆರಾದ ಹೆಸರು 'ಸಡ್ಕೋ'. ನವ್ಗೊರೋದ್ ಎಂಬ ಹಳೆಯ ವ್ಯಾಪಾರಿ ಪಟ್ಟಣದಲ್ಲಿ ಗುಸ್ಲಿ ಎಂಬ ತಂತಿವಾದ್ಯ ನುಡಿಸುವ ಬಡವ ಸಡ್ಕೋ. ಸಮುದ್ರರಾಜನ ಮಗಳ ಕೃಪೆಯಿಂದ ಬಂಗಾರದ ಮೀನು ಹಿಡಿದು, ಊರ ಶ್ರೀಮಂತರೊಡನೆ ಕಟ್ಟಿದ ಬಾಜಿ ಗೆದ್ದು, ಹಡಗುಗಳ ಒಡೆಯನಾಗುತ್ತಾನೆ. ಯಾವ ದೇಶಕ್ಕೆ ಹೋಗಲಿ? ಬಂದರಿನಲ್ಲಿರುವ ಮೂವರು ವಿದೇಶಿ ವರ್ತಕರನ್ನು ಕರೆದು ನಿಮ್ಮ ನಿಮ್ಮ ನಾಡಿನ ಬಗ್ಗೆ ಹಾಡಿ ಎನ್ನುತ್ತಾನೆ. ಉತ್ತರದ ವರಾಂಗಿಯ ದಪ್ಪ ದನಿಯಲ್ಲಿ ಬಂಡೆಗಳ ಮೇಲೆ ಅಪ್ಪಳಿಸುವ ಅಲೆಗಳ ಬಗ್ಗೆ ಹಾಡುತ್ತಾನೆ. ಎರಡನೆಯವನು ಭಾರತದ ವರ್ತಕ. ಗುಹೆಗಳಲ್ಲಿ ಎಣಿಸಲಾರದಷ್ಟು ವಜ್ರ, ಬೆಚ್ಚನೆಯ ಕಡಲಿನಲ್ಲಿ ಎಣಿಸಲಾರದಷ್ಟು ಮುತ್ತು, ಹೆಣ್ಣಿನ ಮುಖದ ಒಂದು ಹಕ್ಕಿ, ಅದರ ಹಾಡು ಕೇಳಿದವನಿಗೆ ಎಲ್ಲವೂ ಮರೆತುಹೋಗುವುದು. ಮೂರನೆಯವನು ವೆನಿಸ್ಸಿನವನು. ಸಡ್ಕೋ ವೆನಿಸ್ಸನ್ನೇ ಆರಿಸಿಕೊಳ್ಳುತ್ತಾನೆ! ನಮ್ಮವನು ಅಷ್ಟು ಚೆನ್ನಾಗಿ ಹಾಡಿದ್ದು ದಂಡ.

ಚರಿತ್ರೆ ಓದುವ ಮಕ್ಕಳು ಇಲ್ಲಿ ಕೈ ಎತ್ತಬಹುದು. 1720ರ ದಶಕದವರೆಗೂ ಜಗತ್ತಿನ ವಜ್ರವೆಂದರೆ ಭಾರತದ ವಜ್ರವೇ, ಗೋಲ್ಕೊಂಡದ ಪೇಟೆಯದೇ. ಆಮೇಲೆ ಬ್ರೆಜಿಲ್ಲಿನಲ್ಲಿ ಸಿಕ್ಕಿತು, 1867ರ ನಂತರ ದಕ್ಷಿಣ ಆಫ್ರಿಕದಲ್ಲಿ. ಈ ಹಾಡು ಬರೆದದ್ದು 1890ರ ದಶಕದಲ್ಲಿ. ಅಷ್ಟರಲ್ಲಿ ನಮ್ಮ ವಜ್ರದ ಗಣಿಗಳು ಹಳೆಯ ಕಥೆಯಾಗಿದ್ದವು. ಆದರೆ ಕಥೆಯೊಳಗಿನ ಸಡ್ಕೋನ ಕಾಲಕ್ಕೆ ಅದು ಸರಿಯೇ.

ಈ ಆಪೆರಾವನ್ನು ಚಕ್ರವರ್ತಿಯ ಸರ್ಕಾರಿ ರಂಗಮಂದಿರಗಳು ಬೇಡವೆಂದವು. ಸಾವ್ವಾ ಮಾಮೊಂತೊವ್ ಎಂಬ ರೈಲ್ವೆ ಉದ್ಯಮಿ ತನ್ನ ಖಾಸಗಿ ತಂಡದಿಂದ ಮಾಸ್ಕೋದಲ್ಲಿ ಆಡಿಸಿದ. ತಾರೀಕು 1898ರ ಜನವರಿ 7. ಕೆಲವು ಪುಸ್ತಕಗಳಲ್ಲಿ 1897ರ ಡಿಸೆಂಬರ್ 26 ಎಂದಿದ್ದರೆ ಗಾಬರಿಯಾಗಬೇಡಿ, ಎರಡೂ ಒಂದೇ ದಿನ. ರಷ್ಯದವರು ಆಗ ಹಳೆಯ ಜೂಲಿಯನ್ ಪಂಚಾಂಗ ಬಳಸುತ್ತಿದ್ದರು, ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹನ್ನೆರಡು ದಿನ ಹಿಂದಿತ್ತು.

ಹಾಡು ಭಾರತದ್ದೆನಿಸುತ್ತದೆಯೆ? ನನಗೆ ಅನ್ನಿಸುವುದಿಲ್ಲ. ತೊಟ್ಟಿಲು ತೂಗಿದಂಥ ಹಿಮ್ಮೇಳ, ಅದರ ಮೇಲೆ ಅರ್ಧ ಅರ್ಧ ಸ್ವರವಾಗಿ ಜಾರುತ್ತ ಇಳಿಯುವ ಗಂಡುದನಿ. ಹಾರ್ಮೋನಿಯಮ್ಮಿನ ಕರಿಮನೆ ಬಿಳಿಮನೆಗಳನ್ನು ಒಂದನ್ನೂ ಬಿಡದೆ ಒತ್ತುತ್ತ ಬಂದರೆ ಹೇಗೋ ಹಾಗೆ. ಮನೆಯಲ್ಲಿ ಸರಳೆ ಜಂಟಿ ಕಲಿತ ಮಕ್ಕಳಿಗೆ ಈ ನಡಿಗೆ ಪರಿಚಯದ್ದಲ್ಲ. ದೂರದಲ್ಲಿ ಕುಳಿತು ಕಂಡ ಕನಸಿನ ಭಾರತ ಅದು. ಆದರೂ ಕೇಳುತ್ತಿದ್ದರೆ ಹೊಟ್ಟೆಯೊಳಗೆ ಏನೋ ಕಲಕಿದಂತಾಗುತ್ತದೆ. ಪರವೂರಿನ ಬಂದರಿನಲ್ಲಿ ನಿಂತವನಿಗೆ ತನ್ನ ಊರು ನೆನಪಾದದ್ದಂತೂ ನಿಜವೆನ್ನಿಸುತ್ತದೆ.

ಇನ್ನು ಅಮೆರಿಕಕ್ಕೆ ಬರೋಣ. ಡಾರ್ಸಿಗಿಂತ ಮೊದಲೇ ಅಲ್ಲಿ ಈ ಸ್ವರ ಕುಣಿತದ ಸಂಗೀತವಾಗಿತ್ತು. 1921ರಲ್ಲಿ ಪಾಲ್ ವೈಟ್‌ಮನ್ ಎಂಬ ಪ್ರಸಿದ್ಧ ತಂಡದ ಯಜಮಾನ ಅದನ್ನು ಫಾಕ್ಸ್‌ಟ್ರಾಟ್ ಎಂಬ ನೃತ್ಯದ ಲಯಕ್ಕೆ ಹೊಂದಿಸಿ ಮುದ್ರಿಸಿದ. ಆ ಕಾಲದ ಧ್ವನಿಮುದ್ರಣದಲ್ಲಿ ಮೈಕೇ ಇರಲಿಲ್ಲ. ದೊಡ್ಡ ತಗಡಿನ ಕಹಳೆಯ ಬಾಯಿಗೆ ಎಲ್ಲರೂ ಒತ್ತಿಕೊಂಡು ಕುಳಿತು ನುಡಿಸಬೇಕು. ಗಾಳಿಯ ಒತ್ತಡವೇ ತೆಳುವಾದ ಪರದೆಯೊಂದನ್ನು ಅಲುಗಿಸಬೇಕು. ಪರದೆಗೆ ಅಂಟಿದ ಸೂಜಿ ಮೇಣವನ್ನು ಕೊರೆಯಬೇಕು. ಮೆಲುದನಿಯ ವಾದ್ಯಕ್ಕೆ ಅಲ್ಲಿ ಗತಿಯಿಲ್ಲ. 1925ರಲ್ಲಿ ಮೈಕು ಮತ್ತು ವಾಲ್ವಿನ ಆಂಪ್ಲಿಫೈಯರ್ ಬಂದವು. ಸೂಜಿಯನ್ನು ಅಲುಗಿಸುವ ಶಕ್ತಿ ಗಾಳಿಯಿಂದಲ್ಲ, ವಿದ್ಯುತ್ತಿನಿಂದ ಬರತೊಡಗಿತು. ಮೊದಲು ಸೆಕೆಂಡಿಗೆ ಎರಡು ಎರಡೂವರೆ ಸಾವಿರ ಕಂಪನದ ಆಚೆಗಿನದು ಉಳಿಯುತ್ತಿರಲಿಲ್ಲ, ಈಗ ಸುಮಾರು ಐದು ಸಾವಿರದವರೆಗೂ ಹಿಡಿಯಬಹುದಾಯಿತು. ವೈಟ್‌ಮನ್ ಮತ್ತು ಡಾರ್ಸಿ ತಟ್ಟೆಗಳನ್ನು ಒಂದಾದ ಮೇಲೊಂದು ಕೇಳಿದರೆ ಮುಚ್ಚಿದ ಬಾಗಿಲು ತೆರೆದಂತಾಗುವುದು ಇದಕ್ಕೇ. ಹಾಡನ್ನು ಹೋಲಿಸುವಾಗ ನಾವು ಯಂತ್ರವನ್ನೂ ಹೋಲಿಸುತ್ತಿರುತ್ತೇವೆ ಎಂಬುದು ಮರೆಯಬಾರದು.

ಟಾಮಿ ಡಾರ್ಸಿ ಹುಟ್ಟಿದ್ದು 1905ರಲ್ಲಿ, ಪೆನ್ಸಿಲ್ವೇನಿಯದ ಕಲ್ಲಿದ್ದಲು ಸೀಮೆಯಲ್ಲಿ. ತಂದೆ ಗಣಿಯಿಂದ ಹೊರಬಂದು ಬ್ಯಾಂಡು ನಡೆಸುತ್ತ ಸಂಗೀತ ಕಲಿಸುತ್ತಿದ್ದವರು. ಟಾಮಿಗೂ ಅಣ್ಣ ಜಿಮ್ಮಿಗೂ ವಾದ್ಯ ಕಲಿಸಿದವರು ಅವರೇ. ಇಬ್ಬರೂ 1920ರ ದಶಕದ ಕೊನೆಗೆ ಅದೇ ವೈಟ್‌ಮನ್ ತಂಡದಲ್ಲಿ ನುಡಿಸಿದರು, ಆಮೇಲೆ ತಮ್ಮದೇ ತಂಡ ಕಟ್ಟಿದರು. 1935ರಲ್ಲಿ ವೇದಿಕೆಯ ಮೇಲೇ ಒಂದು ಹಾಡಿನ ವೇಗದ ಬಗ್ಗೆ ಜಗಳವಾಗಿ ಟಾಮಿ ವಾದ್ಯ ಎತ್ತಿಕೊಂಡು ಹೊರಟುಹೋದ. ಅಣ್ಣತಮ್ಮಂದಿರ ಜಗಳಕ್ಕೆ ಆಸ್ತಿಯೇ ಬೇಕೆಂದಿಲ್ಲ.

ಅದು 'ಸ್ವಿಂಗ್' ಎಂಬ ಸಂಗೀತ ಏರುತ್ತಿದ್ದ ಕಾಲ. ಹದಿನಾಲ್ಕು ಹದಿನೈದು ಜನರ ತಂಡ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನುಗಳ ಸಾಲು, ಹಿಂದೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಮು. ಸ್ವಿಂಗ್ ಎಂದರೇನೆಂದು ಮಾತಿನಲ್ಲಿ ಹೇಳುವುದು ಕಷ್ಟ. ಸ್ಥೂಲವಾಗಿ ಹೀಗೆ ತಿಳಿಯಿರಿ. ಒಂದು ತಟ್ಟನ್ನು ಸಮ ಎರಡು ಪಾಲು ಮಾಡುವ ಬದಲು ಮೂರು ಪಾಲು ಮಾಡಿ, ಮೊದಲ ಸ್ವರಕ್ಕೆ ಎರಡು ಪಾಲು, ಮುಂದಿನದಕ್ಕೆ ಒಂದು ಪಾಲು ಕೊಟ್ಟರೆ ಒಂದು ಬಗೆಯ ತೂಗಾಟ ಹುಟ್ಟುತ್ತದೆ. ನಿಖರವಾಗಿ ಎರಡಕ್ಕೊಂದು ಎಂದೇನೂ ಇಲ್ಲ, ವೇಗ ಹೆಚ್ಚಿದಂತೆ ಅದು ಬದಲಾಗುತ್ತದೆ. ತೊಡೆಯ ಮೇಲೆ ತಾಳ ಹಾಕಿ ನೋಡಿ, ಮೂರು ಸಲಕ್ಕೆ ಗೊತ್ತಾಗುತ್ತದೆ.

ಇನ್ನು ಟ್ರಾಂಬೋನು. ನಮ್ಮಲ್ಲಿ ಮೈಸೂರು ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ಹೋಗುವಾಗ ಉದ್ದದ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆಯುವವರನ್ನು ನೋಡಿದ್ದೀರಲ್ಲ, ಅದೇ. ಕೊಳವೆಯನ್ನು ಬಿಡಿಸಿ ನೇರ ಮಾಡಿದರೆ ಸುಮಾರು 2.7 ಮೀಟರ್. ತುಟಿ ಕಂಪಿಸುತ್ತದೆ, ಒಳಗಿನ ಗಾಳಿಯ ಕಂಬ ಅದಕ್ಕೆ ದನಿಗೂಡಿಸುತ್ತದೆ. ಕಂಬ ಉದ್ದವಾದಷ್ಟೂ ಸ್ವರ ತಗ್ಗು. ಪಾಶ್ಚಾತ್ಯರ ಹನ್ನೆರಡು ಸಮ ಮನೆಗಳಲ್ಲಿ ಒಂದು ಮನೆ ಇಳಿಯಬೇಕಾದರೆ ಉದ್ದವನ್ನು 1.0595ರಿಂದ ಗುಣಿಸಬೇಕು. ಅಂದರೆ 2.7 ಮೀಟರಿಗೆ ಸುಮಾರು 16 ಸೆಂಟಿಮೀಟರ್ ಸೇರಬೇಕು. ಆದರೆ ಎಳೆಯುವ ಕೊಳವೆ ಯು ಆಕಾರದ್ದು, ಗಾಳಿ ಅದರಲ್ಲಿ ಹೋಗಿ ಬರುತ್ತದೆ. ಹಾಗಾಗಿ ಕೈ ಸರಿಯಬೇಕಾದ್ದು ಅದರ ಅರ್ಧ, 8 ಸೆಂಟಿಮೀಟರ್. ಮುಂದಿನ ಮನೆಗೆ ಎಂಟೂವರೆ. ಹೀಗೆ ಆರು ಹೆಜ್ಜೆ ಇಳಿದರೆ ಕೊನೆಯ ಹೆಜ್ಜೆ ಹತ್ತೂಮುಕ್ಕಾಲು ಸೆಂಟಿಮೀಟರಿನಷ್ಟಾಗುತ್ತದೆ, ಕೈ ಒಟ್ಟು 56 ಸೆಂಟಿಮೀಟರ್ ಸರಿದಿರುತ್ತದೆ. ಹತ್ತನೆಯ ತರಗತಿಯವರು ಇದು ಸಮಾಂತರ ಶ್ರೇಢಿಯಲ್ಲ, ಗುಣೋತ್ತರ ಶ್ರೇಢಿ ಎಂದು ಈಗಾಗಲೇ ಹೇಳಿರಬೇಕು.

ಕೊಳವೆಯ ಮೇಲೆ ಗೆರೆಯಿಲ್ಲ, ವೀಣೆಯ ಮೆಟ್ಟಿಲಿನಂಥದು ಏನೂ ಇಲ್ಲ. ಕಿವಿಯೇ ಅಳತೆಗೋಲು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನದೆಲ್ಲ ಕೇಳಿಸಿಬಿಡುತ್ತದೆ. ಅದು ಬೇಕಾದರೆ ನಮ್ಮ ಜಾರು ಗಮಕದಂತೆ ಸೊಗಸು, ಬೇಡವಾದಾಗ ಕುಡುಕನ ನಡಿಗೆ. ಆ ಜಾರನ್ನು ನಾಲಗೆಯ ಮೃದುವಾದ ತಟ್ಟಿನಿಂದ ಮರೆಮಾಡಿ, ಒಂದೇ ಉಸಿರಿನಲ್ಲಿ ಉದ್ದುದ್ದ ಸಾಲುಗಳನ್ನು ರೇಷ್ಮೆಯಂತೆ ನೇಯುವುದರಲ್ಲಿ ಡಾರ್ಸಿ ಹೆಸರಾದವನು. ಉಸಿರು ಎಲ್ಲಿ ತೆಗೆದುಕೊಂಡನೆಂದೇ ತಿಳಿಯುತ್ತಿರಲಿಲ್ಲವಂತೆ. 1940ರಿಂದ 1942ರವರೆಗೆ ಅವನ ತಂಡದಲ್ಲಿ ಹಾಡುತ್ತಿದ್ದ ಫ್ರಾಂಕ್ ಸಿನಾಟ್ರಾ, ತಾನು ಉಸಿರನ್ನು ಹಿಡಿಯುವುದನ್ನು ಕಲಿತದ್ದು ಹಿಂದೆ ಕುಳಿತು ಡಾರ್ಸಿಯ ಬೆನ್ನನ್ನು ನೋಡುತ್ತ ಎಂದು ಮುಂದೆ ಹೇಳುತ್ತಿದ್ದ. ಗುರು ಪಾಠ ಮಾಡಲಿಲ್ಲ, ಶಿಷ್ಯ ಬಿಡಲಿಲ್ಲ.

'ಸಾಂಗ್ ಆಫ್ ಇಂಡಿಯಾ'ದಲ್ಲಿ ಆಪೆರಾದ ಸ್ವರವನ್ನು ಡಾರ್ಸಿ ತನ್ನ ಟ್ರಾಂಬೋನಿನಲ್ಲಿ ಎತ್ತಿಕೊಳ್ಳುತ್ತಾನೆ. ವರ್ತಕನ ಗಂಡುದನಿ ಹಿತ್ತಾಳೆಯ ದನಿಯಾಗಿದೆ, ಅಷ್ಟೆ, ಸ್ವರ ಅದೇ. ಕೆಳಗೆ ಡೇವ್ ಟಫ್ ಎಂಬಾತನ ಡ್ರಮ್ಮಿನ ನಡೆ. ಆಮೇಲೆ ಬನ್ನಿ ಬೆರಿಗನ್ ಎಂಬ ಇಪ್ಪತ್ತೆಂಟರ ತರುಣ ಟ್ರಂಪೆಟ್ ಹಿಡಿದು ಎದ್ದು ನಿಲ್ಲುತ್ತಾನೆ. ಅಲ್ಲಿಂದ ಅವನು ನುಡಿಸುವುದು ರಿಮ್ಸ್ಕಿ-ಕೋರ್ಸಕೋವ್ ಬರೆದದ್ದನ್ನಲ್ಲ, ಆ ಕ್ಷಣದಲ್ಲಿ ಅವನಿಗೆ ಹೊಳೆದದ್ದನ್ನು. ನಮ್ಮ ಕಲ್ಪನಾಸ್ವರದ ಹಾಗೆ. ಮೇಲಿನ ಸ್ವರಗಳಿಗೆ ಅವನು ಹೋಗುವ ರೀತಿಯಲ್ಲಿ ಬಿದ್ದುಬಿಡುತ್ತಾನೇನೋ ಎಂಬ ಭಯವಿದೆ, ಬೀಳುವುದಿಲ್ಲ. ಆ ಮನುಷ್ಯ ಕುಡಿತದಿಂದ 1942ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ. ಉಳಿದದ್ದು ಇಂಥ ಕೆಲವು ನಿಮಿಷಗಳು.

ತಟ್ಟೆಯ ಇನ್ನೊಂದು ಮಗ್ಗುಲಲ್ಲಿ 'ಮರೀ' ಎಂಬ ಹಾಡಿದೆ, ಅದೇ ದಿನ ಮುದ್ರಿಸಿದ್ದು. ಇರ್ವಿಂಗ್ ಬರ್ಲಿನ್ 1928ರಲ್ಲಿ ಬರೆದದ್ದು ಮೂರು ತಟ್ಟಿನ ವಾಲ್ಟ್ಸ್, ಇಲ್ಲಿ ನಾಲ್ಕು ತಟ್ಟಿಗೆ ಬಂದಿದೆ. ಗಾಯಕ ಹಾಡುತ್ತಿದ್ದರೆ ಹಿಂದಿನಿಂದ ತಂಡದವರೆಲ್ಲ ತಮಾಷೆಯ ಮಾತುಗಳನ್ನು ಕೂಗುತ್ತಾರೆ. ಈ ಉಪಾಯ ಡಾರ್ಸಿಯದಲ್ಲ. ಸನ್‌ಸೆಟ್ ರಾಯಲ್ ಸೆರೆನೇಡರ್ಸ್ ಎಂಬ ಕಪ್ಪು ಸಂಗೀತಗಾರರ ತಂಡ ಫಿಲಡೆಲ್ಫಿಯದಲ್ಲಿ ಹೀಗೆ ನುಡಿಸುವುದನ್ನು ಕೇಳಿ, ತನ್ನ ತಂಡದ ಕೆಲವು ಬರೆದ ಸಂಗೀತಗಳನ್ನು ಅವರಿಗೆ ಕೊಟ್ಟು ಬದಲಿಗೆ ಅದನ್ನು ಪಡೆದ. ವಿನಿಮಯವೇನೋ ನ್ಯಾಯವಾಗಿಯೇ ನಡೆಯಿತು. ಆದರೆ ತಟ್ಟೆ ಲಕ್ಷಾಂತರ ಮನೆಗಳಿಗೆ ಹೋದಾಗ ಹೋದ ಹೆಸರು ಒಂದೇ. ಸ್ವರವನ್ನು ಬದಲಾಯಿಸುವುದು ನನಗೆ ಈಗ ಅಷ್ಟು ತಪ್ಪಾಗಿ ಕಾಣುವುದಿಲ್ಲ. ಯಾರದೆಂದು ಹೇಳದೆ ಬಿಡುವುದು ಕಾಣುತ್ತದೆ.

ಇಷ್ಟನ್ನೂ ಹುಡುಗಿಯ ತಂದೆಗೆ ಹೇಳಿದೆನೆಂದು ತಿಳಿಯಬೇಡಿ, ಅವರಿಗೆ ಬಸ್ಸಿನ ಹೊತ್ತಾಗಿತ್ತು. ಹಾಡು ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಇದನ್ನ ಆ ರಷ್ಯದವರು ಕೇಳಿದ್ದರೆ ಒಪ್ಪುತ್ತಿದ್ದರೆ?"

ರಿಮ್ಸ್ಕಿ-ಕೋರ್ಸಕೋವ್ 1908ರಲ್ಲೇ ತೀರಿಕೊಂಡವರು, ಕೇಳುವ ಪ್ರಶ್ನೆಯೇ ಬರಲಿಲ್ಲ. ಆದರೆ ಅವರು ಮಾಡಿದ್ದೇನು ನೋಡಿ. ಗೆಳೆಯ ಮುಸೋರ್ಗ್‌ಸ್ಕಿ ತೀರಿಕೊಂಡ ಮೇಲೆ ಅವನ ಕೃತಿಗಳನ್ನು ಇವರು ತಿದ್ದಿ, ಸ್ವರ ಬದಲಿಸಿ, ವಾದ್ಯಗಳನ್ನು ಬೇರೆ ಕೂರಿಸಿ ಪ್ರಕಟಿಸಿದರು. 'ಬೋರಿಸ್ ಗೊದುನೋವ್' ಎಂಬ ಆಪೆರಾ ದಶಕಗಳ ಕಾಲ ಜಗತ್ತನ್ನು ಸುತ್ತಿದ್ದು ಇವರು ತಿದ್ದಿದ ರೂಪದಲ್ಲೇ. ಒರಟು ಸೊಗಸನ್ನೆಲ್ಲ ನುಣ್ಣಗೆ ಮಾಡಿಬಿಟ್ಟರೆಂದು ಬೈದವರಿದ್ದಾರೆ. ಇವರು ಮಾಡದಿದ್ದರೆ ಅದನ್ನು ಯಾರೂ ಆಡುತ್ತಿರಲಿಲ್ಲ ಎನ್ನುವವರೂ ಇದ್ದಾರೆ.

ನಮ್ಮ ಕಡೆಗೆ ಬಂದರೆ, ಸಂಗೀತ ಪಾಠಕ್ಕೆ ಹೋಗುವ ಎಷ್ಟೋ ಮಕ್ಕಳು ಎಳವೆಯಲ್ಲೇ ಹಾಡುವ 'ಶಕ್ತಿ ಸಹಿತ ಗಣಪತಿಂ' ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರ. ಮದರಾಸಿನ ಕೋಟೆಯಲ್ಲಿ ಇಂಗ್ಲಿಷರ ಬ್ಯಾಂಡು ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ ಸಂಸ್ಕೃತದಲ್ಲಿ ಸಾಹಿತ್ಯ ಕೂರಿಸಿದವರು ಅವರು. ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಗೂ ಅವರದೊಂದು ದೇವಿಯ ಸ್ತುತಿಯಿದೆ. ಇದನ್ನು ಹೇಳಿದಾಗ ಆ ತಂದೆ ಒಂದು ಕ್ಷಣ ಸುಮ್ಮನಾದರು. ಅವರೂ ಚಿಕ್ಕಂದಿನಲ್ಲಿ ಅದನ್ನು ಹಾಡಿದ್ದರಂತೆ.

ಅವರ ಮಾತಿನಲ್ಲೂ ಹುರುಳಿದೆ ಎಂಬುದನ್ನು ನಾನು ಒಪ್ಪಬೇಕು. ಡಾರ್ಸಿಯ ತಟ್ಟೆಯಲ್ಲಿ ವರ್ತಕ ಇಲ್ಲ, ಬಂದರು ಇಲ್ಲ, ಮನೆ ನೆನಪಾದ ಆ ಸಂಕಟ ಇಲ್ಲ. ಕಾಲು ಕುಣಿಯುತ್ತದೆ, ಕಣ್ಣು ಒದ್ದೆಯಾಗುವುದಿಲ್ಲ. ಒಂದು ಸಿಕ್ಕಾಗ ಇನ್ನೊಂದು ಹೋಗಿದೆ. 1940ರ ಡಿಸೆಂಬರಿನಲ್ಲಿ ಗ್ಲೆನ್ ಮಿಲ್ಲರ್ ತಂಡ ವೆರ್ಡಿಯ ಆಪೆರಾದಿಂದ 'ಆನ್‌ವಿಲ್ ಕೋರಸ್' ಎಂಬ ಕುಲುಮೆಯ ಹಾಡನ್ನು ಹೀಗೆಯೇ ಎತ್ತಿಕೊಂಡಿತು. ಅದು ಎಷ್ಟು ಉದ್ದವಾಯಿತೆಂದರೆ ತಟ್ಟೆಯ ಎರಡೂ ಮಗ್ಗುಲು ಬೇಕಾದವು. ಅಲ್ಲಿ ಕಳೆದುಕೊಂಡದ್ದು ಕಡಿಮೆ ಎಂದು ನನ್ನೆಣಿಕೆ, ಮೂಲವೇ ಸುತ್ತಿಗೆ ಬಡಿತದ್ದು ನೋಡಿ.

ತಟ್ಟೆಯ ಉದ್ದಗಲದ ಮಾತು ಬಂದಿತು, ಅದನ್ನೂ ಮುಗಿಸಿಬಿಡುತ್ತೇನೆ. ಹತ್ತು ಅಂಗುಲದ ಆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಮೂರು ನಿಮಿಷಕ್ಕೆ 234 ಸುತ್ತು. ಗೀರಿನ ಸರಾಸರಿ ವ್ಯಾಸ 17 ಸೆಂಟಿಮೀಟರ್ ಎಂದು ಹಿಡಿದರೆ ಒಂದು ಸುತ್ತಿಗೆ ಸುಮಾರು 53 ಸೆಂಟಿಮೀಟರ್. ಎಲ್ಲ ಸೇರಿಸಿ ಬಿಡಿಸಿದರೆ ಸುಮಾರು 125 ಮೀಟರ್ ಉದ್ದದ ಒಂದೇ ಗೀರು. ನಮ್ಮ ಶಾಲೆಯ ಮೈದಾನದಲ್ಲಿ ನೂರು ಮೀಟರ್ ಓಟದ ಗೆರೆ ದಾಟಿ ಇನ್ನೂ ಇಪ್ಪತ್ತೈದು ಮೀಟರ್ ಓಡಬೇಕು. ಅಷ್ಟು ಉದ್ದದ ಗೀರಿನಲ್ಲಿ ಸೂಜಿ ಅಲುಗಿದ್ದೇ ಡಾರ್ಸಿ, ಬೆರಿಗನ್ ಎಲ್ಲ.

ಆ ಗೀರು ಕೊರೆದಿದ್ದು ಯಾವುದರ ಮೇಲೆ? ಇದನ್ನು ತರಗತಿಯಲ್ಲಿ ಕೇಳಿದಾಗ ಪ್ಲಾಸ್ಟಿಕ್ ಎಂದರು ಎಲ್ಲರೂ. ಅಲ್ಲ. ಆ ಕಾಲದ ತಟ್ಟೆಗಳಲ್ಲಿ ಕಲ್ಲಿನ ಪುಡಿ, ಕಾಡಿಗೆಯಂಥ ಇಂಗಾಲದ ಪುಡಿಗಳನ್ನು ಒಟ್ಟಿಗೆ ಹಿಡಿದಿಡುತ್ತಿದ್ದ ಅಂಟು ಶೆಲ್ಯಾಕ್, ನಮ್ಮ ಅರಗು. ಮುತ್ತುಗ, ಬೋರೆ, ಕುಸುಮದಂಥ ಮರಗಳ ಎಳೆ ಕೊಂಬೆಗಳಿಗೆ ಅಂಟಿಕೊಂಡು ರಸ ಹೀರುವ ಒಂದು ಪುಟ್ಟ ಕೀಟ ತನ್ನ ರಕ್ಷಣೆಗೆಂದು ಮೈಸುತ್ತ ಸ್ರವಿಸುವ ರಾಳ ಅದು. ಚನ್ನಪಟ್ಟಣದ ಗೊಂಬೆಗಳ ಹೊಳಪು ಇದರದೇ. ಜಗತ್ತಿಗೆ ಅರಗು ಒದಗಿಸುತ್ತಿದ್ದ ದೇಶಗಳಲ್ಲಿ ಭಾರತವೇ ಮುಖ್ಯ, ಅದರಲ್ಲೂ ಈಗಿನ ಜಾರ್ಖಂಡ್ ಕಡೆಯ ಕಾಡುಗಳು. 1924ರಲ್ಲಿ ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ ಅರಗಿಗೆಂದೇ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು. ಯುದ್ಧದ ಕಾಲದಲ್ಲಿ ಹಡಗಿನ ದಾರಿ ಕಷ್ಟವಾಗಿ, ಸಿಕ್ಕ ಅರಗು ಸೈನ್ಯದ ಕೆಲಸಕ್ಕೆ ಬೇಕಾಗಿ, 1942ರಲ್ಲಿ ಅಮೆರಿಕ ಸರ್ಕಾರ ಗ್ರಾಮಫೋನ್ ಕಂಪನಿಗಳ ಅರಗಿನ ಬಳಕೆಯನ್ನು ಶೇಕಡ 70ರಷ್ಟು ಕಡಿತಗೊಳಿಸಿತು.

ಹೀಗಾಗಿ ರಾಗದಲ್ಲಿ ಭಾರತವಿಲ್ಲ, ವಜ್ರದ ಮಾತಿನಲ್ಲೂ ಇಲ್ಲ, ತಟ್ಟೆಯಲ್ಲಿತ್ತು. ಕಾಡಿನ ಕೊಂಬೆಗಳಿಂದ ಅರಗನ್ನು ಕೆರೆದು ಬುಟ್ಟಿಗೆ ತುಂಬಿದ ಕೈಗಳ ಹೆಸರು ಯಾವ ಲೇಬಲ್ಲಿನಲ್ಲೂ ಬರೆದಿಲ್ಲ.

ಕನ್ನಡನಾಡಿಗೂ ರಷ್ಯದ ಸಂಗೀತಕ್ಕೂ ತಟ್ಟೆಯ ಮೂಲಕವೇ ಬೆಸೆದ ಇನ್ನೊಂದು ನಂಟಿದೆ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಮೆಟ್ನರ್ ಎಂಬ ಮುದಿ ಸಂಗೀತಗಾರ ಮರೆವಿಗೆ ಸಲ್ಲುತ್ತಿದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಅವರ ಕಿವಿಗೆ ಎರಡೂ ಹಿಡಿಸಿದ್ದವು. ಅದನ್ನು ಇನ್ನೊಂದು ವಾರ ವಿವರವಾಗಿ ಬರೆಯುತ್ತೇನೆ.

ಮರುದಿನ ಊಟದ ಬಿಡುವಿನಲ್ಲಿ ಹುಡುಗಿಯನ್ನು ಕರೆದೆ. "ದೇವರನಾಮವನ್ನು ಮೊದಲು ವೀಣೆಯಲ್ಲಿ ಒಂದು ಸಲ ನುಡಿಸ್ತೀಯೇನಮ್ಮ, ಆಮೇಲೆ ನಿಮ್ಮ ತಂಡ?" ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ವೀಣೆ ಶ್ರುತಿ ಮಾಡೋಕೆ ಹತ್ತು ನಿಮಿಷ ಬೇಕು ಸರ್, ಡ್ರಮ್ಸ್ ಹುಡುಗ ಸುಮ್ಮನೆ ಕೂರಲ್ಲ" ಎಂದಳು. ನಿರೂಪಣೆ ಮಾಡುವವರು ಹಾಡು ಯಾವ ದಾಸರದೆಂದು, ಧಾಟಿ ಯಾರು ಕಲಿಸಿದ್ದೆಂದು ಹೇಳಬೇಕು ಎಂದಾಗ ಮಾತ್ರ ಕೂಡಲೇ ಒಪ್ಪಿಕೊಂಡಳು. ತಂದೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಪಟ್ಟಿಯಲ್ಲಿ ಅವಳದು ಏಳನೆಯ ಹೆಸರು, ಅದರ ಮುಂದೆ 'ವೀಣೆಗೆ ಮೈಕು ಬೇರೆ' ಎಂದು ಬರೆದಿಟ್ಟಿದ್ದೇನೆ.